ಮಂತ್ರ ಹಾಕುವವರಿರುವ ತಂಡಕ್ಕೆ ಕಾಳಗ ಹೊಂದಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಆಡಿಸುವವರು, ಅಂದರೆ ಕಥೆಯನ್ನೂ ಶತ್ರುಗಳನ್ನೂ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಆಗಿ ಕೂರುವವರು, ನನ್ನನ್ನು ಹೆಚ್ಚಾಗಿ ಕೇಳುವುದು ಮಂತ್ರ ಹಾಕುವ ಪಾತ್ರಗಳ ಬಗ್ಗೆಯೇ. ಆಟ ಮುಗಿದ ಮೇಲಿನ ಮಾತಿನಲ್ಲಿ ಬಂದ ಪ್ರಶ್ನೆಗಳನ್ನೂ ಪತ್ರದಲ್ಲಿ ಬಂದವನ್ನೂ ಸೇರಿಸಿ, ಸುಲಭದಿಂದ ಕಷ್ಟಕ್ಕೆ ಜೋಡಿಸಿ ಉತ್ತರಿಸಿದ್ದೇನೆ. ಲೆಕ್ಕಗಳು ಐದನೆಯ ಆವೃತ್ತಿಯವು. 2014ರ ನಿಯಮಕ್ಕೂ 2024ರ ಪರಿಷ್ಕರಣೆಗೂ ವ್ಯತ್ಯಾಸವಿರುವ ಕಡೆ ಅದನ್ನು ಹೇಳಿದ್ದೇನೆ. ಪಾತ್ರದ ಬೆಳವಣಿಗೆಗೆ ‘ಲೆವೆಲ್’ ಎಂದೂ ಮಂತ್ರದ ತೂಕಕ್ಕೆ ‘ಮಟ್ಟ’ ಎಂದೂ ಬರೆದಿದ್ದೇನೆ. ಎರಡಕ್ಕೂ ಒಂದೇ ಪದ ಬಳಸಿದರೆ ಹೊಸಬರು ಮೊದಲ ದಿನವೇ ದಾರಿ ತಪ್ಪುತ್ತಾರೆ.

## ಮೊದಲು ತಿಳಿದಿರಬೇಕಾದವು

ಮಂತ್ರ ಹಾಕುವ ವಿಜರ್ಡ್ ನಿಜವಾಗಿಯೂ ಆಯುಧ ಹಿಡಿದ ಫೈಟರ್‌ಗಿಂತ ಬಲಶಾಲಿಯೇ, ಅಥವಾ ನಮಗೆ ಹಾಗೆ ಕಾಣುತ್ತದೆಯೇ?

ಅದು ಆಟದೊಳಗಿನ ದಿನ ಎಷ್ಟು ಉದ್ದವಿದೆ, ಅಂದರೆ ಅದರಲ್ಲಿ ಎಷ್ಟು ಕಾಳಗಗಳಿವೆ, ಎಂಬುದರ ಮೇಲೆ ನಿಂತಿದೆ. ಐದನೆಯ ಲೆವೆಲ್ಲಿನ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಫೈಟರ್‌ನ ಶಕ್ತಿ 18, ಕೈಯಲ್ಲಿ ದೊಡ್ಡ ಕತ್ತಿ, ಪ್ರತಿ ಸರದಿಗೆ ಎರಡು ಏಟು, ಒಂದೊಂದು ಏಟಿಗೆ ಸರಾಸರಿ 11 ಹಾನಿ. ಎದುರಿಗೆ ದೈತ್ಯ ಜಾತಿಯ ಓಗರ್ ಇದ್ದರೆ ಇಪ್ಪತ್ತರಲ್ಲಿ ಹದಿನೇಳು ಸಲ ಏಟು ತಗಲುತ್ತದೆ. ಅಂದರೆ ಸರದಿಗೆ ಸುಮಾರು 19. ಇದನ್ನು ಅವನು ಬೆಳಗಿನಿಂದ ಸಂಜೆಯವರೆಗೆ ಮಾಡಬಲ್ಲ.

ವಿಜರ್ಡ್‌ನ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರಕ್ಕೆ ಎಂಟು ಆರುಮುಖದ ದಾಳ, ಸರಾಸರಿ 28 ಹಾನಿ, ಅದೂ ಇಪ್ಪತ್ತು ಅಡಿ ತ್ರಿಜ್ಯದೊಳಗಿನ ಎಲ್ಲರ ಮೇಲೆ. ಆದರೆ ಆ ಲೆವೆಲ್ಲಿನಲ್ಲಿ ಅದಕ್ಕೆ ಬೇಕಾದ ಮೂರನೆಯ ಮಟ್ಟದ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗಿ, ಎಂಟು ಗಂಟೆಯ ದೀರ್ಘ ವಿಶ್ರಾಂತಿಯ ನಂತರ ಮರಳುವ ಅವಕಾಶ) ಎರಡೇ. ನಡುವಿನ ವಿಶ್ರಾಂತಿಯಲ್ಲಿ ಸ್ಲಾಟ್ ಮರಳಿಸುವ ಆರ್ಕೇನ್ ರಿಕವರಿ ಎಂಬ ಶಕ್ತಿಯಿಂದ ಇನ್ನೊಂದು ಮರಳಿ ಬಂದರೆ ದಿನಕ್ಕೆ ಮೂರು ಫೈರ್‌ಬಾಲ್.

ದಿನಕ್ಕೆ ಎರಡು ಕಾಳಗ, ಒಂದೊಂದಕ್ಕೆ ಮೂರು ಸುತ್ತು ಎಂದಿಟ್ಟುಕೊಳ್ಳಿ. ವಿಜರ್ಡ್‌ಗೆ ಸಿಗುವ ಆರು ಸರದಿಗಳಲ್ಲಿ ಮೂರು ಫೈರ್‌ಬಾಲ್. ಆರು ಕಾಳಗಗಳಿದ್ದರೆ ಹದಿನೆಂಟು ಸರದಿಗಳಲ್ಲಿ ಅದೇ ಮೂರು. ಮೊದಲನೆಯ ದಿನ ಫೈಟರ್ ವಿಜರ್ಡ್‌ನ ಕೈಯಾಳಿನಂತೆ ಕಾಣುತ್ತಾನೆ, ಎರಡನೆಯ ದಿನ ಅವನೇ ತಂಡದ ಬೆನ್ನೆಲುಬು. ಮಂತ್ರ ಒಂದಿಷ್ಟೂ ಬದಲಾಗಿಲ್ಲ. ಹಾಗಾಗಿ ಯಾರು ಬಂದು ಕೇಳಿದರೂ ನಾನು ಹೇಳುವುದಿಷ್ಟು: ಮಂತ್ರವನ್ನು ಕುಗ್ಗಿಸಲು ಹೋಗಬೇಡಿ, ಅದನ್ನು ಈಗಲೇ ಹಾಕಲೋ ಉಳಿಸಿಕೊಳ್ಳಲೋ ಎಂಬ ತೀರ್ಮಾನ ಕಷ್ಟವಾಗುವಂತೆ ಮಾಡಿ.

ಒಂದನೆಯ ಲೆವೆಲ್ಲಿನಲ್ಲಿ ನಮ್ಮ ವಿಜರ್ಡ್ ಎರಡು ಏಟಿಗೆ ನೆಲ ಹಿಡಿಯುತ್ತಾನೆ. ಅವನಿಗೆ ನಾನು ಸಹಾಯ ಮಾಡಬೇಕೇ?

ಸ್ವಲ್ಪ ಮಾಡಿ. ಏಳೋ ಎಂಟೋ ಹಿಟ್ ಪಾಯಿಂಟ್ (ಬೀಳುವ ಮೊದಲು ತಡೆದುಕೊಳ್ಳಬಲ್ಲ ಹಾನಿ), ಎರಡೇ ಸ್ಲಾಟ್. ಅವನ ಭಯ ನಿಜವಾದದ್ದು. ಮೊದಲ ಸುತ್ತಿನಲ್ಲೇ ಗಾಬ್ಲಿನ್ ಎಂಬ ನಾಲ್ಕು ಕುಳ್ಳ ದುಷ್ಟ ಜೀವಿಗಳನ್ನು ಅವನ ಮೇಲೆ ಬಿಡಬೇಡಿ. ಅಡಗಲು ಒಂದು ಕಂಬವನ್ನೋ ಬಂಡೆಯನ್ನೋ ನಕ್ಷೆಯಲ್ಲಿ ಇಡಿ. 2014ರ ನಿಯಮದಲ್ಲಿ ಅವನ ಕೈಯಲ್ಲಿ ನಿದ್ದೆ ಬರಿಸುವ ಸ್ಲೀಪ್ ಮಂತ್ರ ಇದ್ದರೆ ಅದೇ ದೊಡ್ಡ ಆಯುಧ. ಐದು ಎಂಟುಮುಖದ ದಾಳ, ಸರಾಸರಿ 22, ಅಷ್ಟು ಹಿಟ್ ಪಾಯಿಂಟಿನ ಶತ್ರುಗಳಿಗೆ ನಿದ್ದೆ; ಸೇವ್ (ಮಂತ್ರದಿಂದ ಪಾರಾಗಲು ಹಾಕುವ ದಾಳ) ಇಲ್ಲ. ಏಳೇಳು ಹಿಟ್ ಪಾಯಿಂಟಿನ ಮೂರು ಗಾಬ್ಲಿನ್‌ಗಳು ಒಟ್ಟಿಗೆ ಮಲಗುತ್ತವೆ. 2024ರಲ್ಲಿ ಅದಕ್ಕೆ ಸೇವ್ ಬಂದಿದೆ. ಮೂರನೆಯ ಲೆವೆಲ್ಲಿನ ಹೊತ್ತಿಗೆ ಈ ಪ್ರಶ್ನೆ ತಾನಾಗಿ ಮಾಯವಾಗುತ್ತದೆ.

ಮಂತ್ರಗಳು ನೂರಾರಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕೇ?

ಬೇಡ. ನಿಮ್ಮ ತಂಡದವರು ಆಯ್ದುಕೊಂಡ ಮಂತ್ರಗಳ ಪಟ್ಟಿಯನ್ನು ತರಿಸಿಕೊಂಡು, ಒಂದೊಂದರಲ್ಲೂ ಮೂರು ಸಂಗತಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ: ಎಷ್ಟು ಜಾಗ ಹಿಡಿಯುತ್ತದೆ, ಯಾವ ಸೇವ್ ಕೇಳುತ್ತದೆ, ಕಾನ್ಸಂಟ್ರೇಶನ್ (ಮಂತ್ರವನ್ನು ಹಿಡಿದಿಟ್ಟುಕೊಳ್ಳುವ ಏಕಾಗ್ರತೆ) ಬೇಕೇ. ಇಷ್ಟು ಗೊತ್ತಿದ್ದರೆ ಕಾಳಗ ಕಟ್ಟಬಹುದು. ಉಳಿದ ವಿವರವನ್ನು ಮಂತ್ರ ಹಾಕುವವರೇ ಓದಿ ಹೇಳಲಿ, ಅದು ಅವರ ಹೊಣೆ.

ರಾಜಸಭೆಯಲ್ಲಿ ಯಾರಿಗೂ ಗೊತ್ತಾಗದಂತೆ ಪಿಸುಮಾತಿನಲ್ಲಿ ಮಂತ್ರ ಹೇಳುತ್ತೇನೆ ಎನ್ನುತ್ತಾರೆ. ಒಪ್ಪಬೇಕೇ?

ಒಪ್ಪಬೇಡಿ. ಹೆಚ್ಚಿನ ಮಂತ್ರಗಳಿಗೆ ಉಚ್ಚಾರ ಬೇಕು, ಕೈಸನ್ನೆ ಬೇಕು, ಅವು ಕಾಣುತ್ತವೆ, ಕೇಳಿಸುತ್ತವೆ. ಮುಚ್ಚಿಟ್ಟು ಮಂತ್ರ ಹಾಕುವ ವಿದ್ಯೆಯನ್ನು ನಿಯಮ ಸಾರ್ಸರರ್ ಎಂಬ ಇನ್ನೊಂದು ಬಗೆಯ ಮಂತ್ರಗಾರನಿಗೆ ‘ಸಟಲ್ ಸ್ಪೆಲ್’ ಎಂಬ ಹೆಸರಿನಲ್ಲಿ ಕೊಟ್ಟಿದೆ. ಅವನು ಅದಕ್ಕಾಗಿ ಬೆಲೆ ತೆರುತ್ತಾನೆ. ನೀವು ಅದನ್ನು ಎಲ್ಲರಿಗೂ ಬಿಟ್ಟಿಯಾಗಿ ಹಂಚಿದರೆ ಅವನ ಗಂಟಿನಿಂದ ಕದ್ದಂತೆ. ಮೇಲಾಗಿ ಮಂತ್ರ ಕೇಳಿಸುತ್ತದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ದೃಶ್ಯಗಳಲ್ಲಿ ಮಾತುಗಾರಿಕೆಯ ಪಾತ್ರಕ್ಕೆ ಅವಕಾಶ ಉಳಿಯುತ್ತದೆ.

## ಕಾಳಗದ ಒಳಗೆ

ಒಂದೇ ಫೈರ್‌ಬಾಲ್‌ಗೆ ಎಂಟು ಗಾಬ್ಲಿನ್‌ಗಳು ಸುಟ್ಟು ಹೋದವು. ಇನ್ನು ಸಣ್ಣ ಶತ್ರುಗಳನ್ನು ಇಡಲೇಬಾರದೇ?

ಇಡಿ, ಮತ್ತೆ ಮತ್ತೆ ಇಡಿ. ಫೈರ್‌ಬಾಲ್ ಆಯ್ದುಕೊಂಡವಳು ಆ ಕ್ಷಣಕ್ಕಾಗಿಯೇ ಅದನ್ನು ಆಯ್ದುಕೊಂಡಿದ್ದಾಳೆ. ಸೇವ್‌ನಲ್ಲಿ ಗೆದ್ದ ಗಾಬ್ಲಿನ್‌ಗೂ ಸರಾಸರಿ 14 ಹಾನಿ, 2014ರ ನಿಯಮದಲ್ಲಿ ಅದರ ಬಳಿ ಇರುವುದು 7; ಆ ಲೆಕ್ಕದಲ್ಲಿ ಯಾವ ಗುಟ್ಟೂ ಇಲ್ಲ. ಐದನೆಯ ಲೆವೆಲ್ಲಿನ ನಾಲ್ವರಿಗೆ ಎಂಟು ಗಾಬ್ಲಿನ್ 2014ರ ಕೋಷ್ಟಕದಲ್ಲಿ ‘ಸುಲಭ’ದ ಕಾಳಗ. ಅದಕ್ಕೆ ತನ್ನ ಅತ್ಯಂತ ದೊಡ್ಡ ಸ್ಲಾಟ್ ಖರ್ಚು ಮಾಡಿದ್ದಾಳೆ ಎಂದರೆ ಡಿಎಂ ಆಗಿ ನಿಮಗೆ ನಷ್ಟವೇನೂ ಆಗಿಲ್ಲ.

ಈಗ ಅದೇ ಮಂತ್ರವನ್ನು ಮೂರು ಓಗರ್‌ಗಳ ಮೇಲೆ ಹಾಕಿ. 2014ರ ನಿಯಮದಲ್ಲಿ ಒಂದೊಂದಕ್ಕೆ 59 ಹಿಟ್ ಪಾಯಿಂಟ್, ಒಟ್ಟು 177. ಸೇವ್ ಸೋತದ್ದು ಗೆದ್ದದ್ದು ಎಲ್ಲ ಸೇರಿಸಿದರೂ ಒಂದಕ್ಕೆ ಸರಾಸರಿ 24 ಅಥವಾ 25 ಹಾನಿ. ಮೂರೂ ಬೆಂಕಿಯೊಳಗೆ ಸಿಕ್ಕರೂ ಒಂದೂ ಬೀಳುವುದಿಲ್ಲ. ಆಮೇಲಿನ ಕೆಲಸ ಫೈಟರ್‌ನದು, ಕಳ್ಳವಿದ್ಯೆಯ ರೋಗ್‌ನದು. ಇಂಥ ಕಾಳಗದಲ್ಲಿ ಫೈರ್‌ಬಾಲ್ ದಾರಿ ಮಾಡಿಕೊಡುತ್ತದೆ, ಊರು ಮುಟ್ಟಿಸುವುದಿಲ್ಲ.

ನಾನು ಸಾಮಾನ್ಯವಾಗಿ ಎರಡನ್ನೂ ಬೆರೆಸುತ್ತೇನೆ: ಇಬ್ಬರು ಗಟ್ಟಿಗರು, ಐದಾರು ಸಣ್ಣವರು. ಸಣ್ಣವರೆಲ್ಲ ಮೊದಲ ಸುತ್ತಿನಲ್ಲೇ ಒಂದೇ ಕಡೆ ನಿಲ್ಲುವುದಿಲ್ಲ. ಮೂವರು ಮುಂದೆ, ಇಬ್ಬರು ಅಟ್ಟದ ಮೇಲೆ ಬಿಲ್ಲು ಹಿಡಿದು, ಉಳಿದವರು ಸದ್ದು ಕೇಳಿ ಮೂರನೆಯ ಸುತ್ತಿನಲ್ಲಿ ಓಡಿ ಬರುತ್ತಾರೆ. ಇಪ್ಪತ್ತು ಅಡಿ ತ್ರಿಜ್ಯ ಎಂದರೆ ನಕ್ಷೆಯಲ್ಲಿ ಅಡ್ಡಕ್ಕೆ ಎಂಟು ಚೌಕ. ಮೂವತ್ತು ಅಡಿ ಚೌಕದ ಕೋಣೆಯಲ್ಲಿ ಎಲ್ಲರೂ ಬೇಯುತ್ತಾರೆ, ಸ್ವಂತ ಫೈಟರ್ ಸಮೇತ. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಯಾರೂ ಹಿಡಿದಿರದ, ತೊಟ್ಟಿರದ, ಹೊತ್ತಿಕೊಳ್ಳಬಲ್ಲ ವಸ್ತುಗಳಿಗೆಲ್ಲ ಫೈರ್‌ಬಾಲ್ ಬೆಂಕಿ ಹಚ್ಚುತ್ತದೆ. ಹುಡುಕಿಕೊಂಡು ಬಂದ ಓಲೆಗರಿಗಳ ಕಟ್ಟು ಅದೇ ಮೇಜಿನ ಮೇಲಿದ್ದರೆ ಅವಳು ಒಂದು ಗಳಿಗೆ ಯೋಚಿಸುತ್ತಾಳೆ. ಆ ಯೋಚನೆಯೇ ನಮಗೆ ಬೇಕಾದದ್ದು.

ಕಾನ್ಸಂಟ್ರೇಶನ್ ಮುರಿದರೆ ಆಟಗಾರರು ಮುನಿಸಿಕೊಳ್ಳುತ್ತಾರೆ. ಬೇಕೆಂದೇ ಮಂತ್ರ ಹಾಕಿದವರ ಮೇಲೆ ಏಟು ಹಾಕುವುದು ಅನ್ಯಾಯವೇ?

ಅನ್ಯಾಯವಲ್ಲ. ಒಬ್ಬರು ಒಂದು ಹೊತ್ತಿಗೆ ಇಂಥ ಒಂದೇ ಮಂತ್ರವನ್ನು ಹಿಡಿದುಕೊಳ್ಳಬಹುದು, ಏಟು ಬಿದ್ದಾಗಲೆಲ್ಲ ಅದನ್ನು ಉಳಿಸಿಕೊಳ್ಳಲು ಸೇವ್ ಹಾಕಬೇಕು: ಐದನೆಯ ಆವೃತ್ತಿ ಮಂತ್ರಕ್ಕೆ ಹಾಕಿದ ಕಡಿವಾಣಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದು. ಗುರಿ 10 ಅಥವಾ ಹಾನಿಯ ಅರ್ಧ, ಯಾವುದು ಹೆಚ್ಚೋ ಅದು.

ಇಲ್ಲಿನ ಗಣಿತ ಗಮನಿಸಿ. ಮೈಕಟ್ಟಿನ ಸೇವ್‌ಗೆ ಇಪ್ಪತ್ತುಮುಖದ ದಾಳದ ಮೇಲೆ +2 ಸೇರುವ ವಿಜರ್ಡ್ ಹತ್ತರ ಗುರಿಯನ್ನು ನೂರಕ್ಕೆ 35 ಸಲ ತಪ್ಪುತ್ತಾನೆ. ಒಂದೇ ಸುತ್ತಿನಲ್ಲಿ ಮೂರು ಬಾಣ ತಗಲಿದರೆ ಮೂರು ಬೇರೆ ಬೇರೆ ಸೇವ್, ಹಿಡಿತ ತಪ್ಪುವ ಸಾಧ್ಯತೆ ನೂರಕ್ಕೆ 72ರಷ್ಟು. ಅದೇ ಹಾನಿ ಒಂದೇ ಏಟಿನಲ್ಲಿ, ಇಪ್ಪತ್ತರೊಳಗೆ ಬಂದರೆ ಸಾಧ್ಯತೆ 35ರಲ್ಲೇ ನಿಲ್ಲುತ್ತದೆ. ಹಾಗಾಗಿ ಮಂತ್ರದ ಹಿಡಿತ ಬಿಡಿಸಲು ಒಬ್ಬ ದೈತ್ಯನಿಗಿಂತ ಮೂವರು ಬಿಲ್ಲುಗಾರರು ಮೇಲು.

ಆದರೆ ಶತ್ರುವಿಗೆ ಬುದ್ಧಿ ಇರಬೇಕು. ಹಸಿದ ತೋಳ ಹತ್ತಿರದವರನ್ನು ಕಚ್ಚುತ್ತದೆ, ಅದಕ್ಕೆ ಕಾನ್ಸಂಟ್ರೇಶನ್ ಗೊತ್ತಿಲ್ಲ. ಕೂಲಿ ಸೈನಿಕರ ನಾಯಕನಿಗೆ ಗೊತ್ತು, ಅವನು ‘ಆ ಕೋಲು ಹಿಡಿದವಳನ್ನು ಮೊದಲು ಹೊಡೆಯಿರಿ’ ಎಂದು ಗಟ್ಟಿಯಾಗಿ ಕೂಗಲಿ. ಆ ಕೂಗು ಕೇಳಿದ ಫೈಟರ್ ಅವಳ ಮುಂದೆ ಬಂದು ನಿಲ್ಲುತ್ತಾನೆ. ಅವನಿಗೂ ಒಂದು ಕೆಲಸ ಸಿಕ್ಕಿತು.

ವಾರಗಟ್ಟಲೆ ಕಟ್ಟಿದ ಖಳನಾಯಕನನ್ನು, ಕೈಕಾಲಾಡದಂತೆ ಮಾಡುವ ಹೋಲ್ಡ್ ಪರ್ಸನ್ ಮಂತ್ರ ಹಾಕಿ ಮೊದಲ ಸುತ್ತಿನಲ್ಲೇ ಮುಗಿಸಿದರು. ಏನು ಮಾಡಬೇಕಿತ್ತು?

ಅವನನ್ನು ಒಬ್ಬನೇ ನಿಲ್ಲಿಸಬಾರದಿತ್ತು. ನಾಲ್ವರು ನಾಲ್ಕು ಸರದಿ ಆಡುವಾಗ ಅವನಿಗೆ ಸಿಗುವುದು ಒಂದು. ಆ ಒಂದೂ ಕೈತಪ್ಪಿದರೆ ಏನೂ ಉಳಿಯುವುದಿಲ್ಲ. ಪಾರ್ಶ್ವವಾಯು ಬಡಿದವನಂತೆ ನಿಂತವನ ಮೇಲೆ ಐದು ಅಡಿಯೊಳಗಿಂದ ಬೀಳುವ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಹಾನಿಯ ದಾಳ ಎರಡರಷ್ಟು. ಅವನಿಗೆ ಹತ್ತಿರದ ಜೊತೆಗಾರರು ಇರಲಿ. ಮಂತ್ರ ಹಿಡಿದವರ ಮೇಲೆ ಅವರು ಬಿದ್ದರೆ ಕಾನ್ಸಂಟ್ರೇಶನ್ ಮುರಿದು ಖಳನಾಯಕ ಬಿಡುಗಡೆಯಾಗಬಹುದು.

ಲೆಜೆಂಡರಿ ರೆಸಿಸ್ಟೆನ್ಸ್ ಇನ್ನೊಂದು ಹಾದಿ. ದೊಡ್ಡ ಕೆಂಪು ಡ್ರ್ಯಾಗನ್ ದಿನಕ್ಕೆ ಮೂರು ಸಲ ಸೋತ ಸೇವನ್ನು ಗೆದ್ದದ್ದಾಗಿ ಮಾಡಿಕೊಳ್ಳುತ್ತದೆ. ಇದನ್ನು ಸುಮ್ಮನೆ ‘ಪಾರಾಯಿತು’ ಎಂದು ಹೇಳಿ ಮುಗಿಸಿದರೆ ಮಂತ್ರ ಹಾಕಿದವರಿಗೆ ಕೈ ಖಾಲಿಯಾದ ಬೇಸರ ಮಾತ್ರ ಉಳಿಯುತ್ತದೆ. ನನ್ನ ಮೇಜಿನಲ್ಲಿ ನಾನು ಅದನ್ನು ಕಾಣಿಸುತ್ತೇನೆ: ಡ್ರ್ಯಾಗನ್ ಎದೆಯ ಮೇಲಿನ ಮೂರು ಹರಳುಗಳಲ್ಲಿ ಒಂದು ಸಿಡಿದು ಬೀಳುತ್ತದೆ. ಎರಡು ಉಳಿದಿವೆ ಎಂದು ಎಲ್ಲರಿಗೂ ತಿಳಿಯುತ್ತದೆ. ಆಗ ಸೋತ ಮಂತ್ರವೂ ಗೋಡೆಯಿಂದ ಒಂದು ಕಲ್ಲು ಕಿತ್ತಂತೆ ಆಗುತ್ತದೆ. ಅಂದಹಾಗೆ ಹೋಲ್ಡ್ ಪರ್ಸನ್ ತಟ್ಟುವುದು ಮನುಷ್ಯರೂಪದ ಹ್ಯೂಮನಾಯ್ಡ್‌ಗಳಿಗೆ ಮಾತ್ರ. ಓಗರ್ ದೈತ್ಯ ಜಾತಿಗೆ ಸೇರಿದ್ದು, ಅದರ ಮೇಲೆ ನಡೆಯದು. ಇದನ್ನು ತಪ್ಪಾಗಿ ಆಡಿಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಶತ್ರು ಮಂತ್ರವಾದಿಯಿಂದ, ಎದುರಿನವರ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಹಾಕಿಸಬಹುದೇ?

ಹಾಕಿಸಬಹುದು, ಮಿತವಾಗಿ. 2014ರಲ್ಲಿ ಮೂರನೆಯ ಮಟ್ಟದವರೆಗಿನ ಮಂತ್ರ ತಾನಾಗಿಯೇ ರದ್ದು, ಸ್ಲಾಟೂ ಹೋಯಿತು. 2024ರಲ್ಲಿ ಮಂತ್ರ ಹಾಕುವವರಿಗೆ ಒಂದು ಸೇವ್ ಇದೆ, ಸೋತರೂ ಸ್ಲಾಟ್ ಉಳಿಯುತ್ತದೆ. ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ, 2014ರ ನಿಯಮದಲ್ಲಿ ಆಡುವವರೂ ಇದೊಂದನ್ನು ಎರವಲು ತರಬಹುದು. ಅರ್ಧ ಗಂಟೆ ಕಾದು ಸರದಿ ಪಡೆದವರಿಗೆ ‘ಆಗಲಿಲ್ಲ, ಮುಂದಿನವರು’ ಎನ್ನುವುದು ಆಟದಲ್ಲಿ ಅತ್ಯಂತ ಕಹಿಯಾದ ಮಾತು.

ಮಂತ್ರ ತಟ್ಟದ ಶತ್ರುವನ್ನು ತಂದರೆ ಸಮಸ್ಯೆ ಮುಗಿಯುವುದಿಲ್ಲವೇ?

ಒಂದು ಸಲ ತಂದರೆ ಅದು ಕಥೆ, ಪ್ರತಿ ಸಲ ತಂದರೆ ಅದು ಶಿಕ್ಷೆ. ಹೊಸದಾಗಿ ಆಡಿಸುತ್ತಿದ್ದ ಕಾಲದಲ್ಲಿ ನಾನು ಸತತ ಎರಡು ಆಟಗಳಲ್ಲಿ ಬೆಂಕಿ ತಟ್ಟದ ಶತ್ರುಗಳನ್ನೇ ಇಟ್ಟಿದ್ದೆ. ಬೆಂಕಿಯ ಮಂತ್ರಗಳನ್ನೇ ಪ್ರೀತಿಯಿಂದ ಆಯ್ದುಕೊಂಡಿದ್ದ ಆಟಗಾರ್ತಿ ಮೂರನೆಯ ಆಟದಲ್ಲಿ ಮೊದಲಿನಷ್ಟು ಮಾತನಾಡಲಿಲ್ಲ. ಅವಳು ದೂರಲಿಲ್ಲ, ಆದರೆ ಅವಳ ಆ ಮೌನ ಇವತ್ತಿಗೂ ನನಗೆ ನೆನಪಿದೆ.

ಸರಿಯಾಗಿ ಬಳಸಿದರೆ ಇಂಥ ಶತ್ರು ಚಿನ್ನ. ನಮ್ಮ ನೆಲದಿಂದಲೇ ಆ ಆಟಕ್ಕೆ ಹೋದ ರಾಕ್ಷಸನನ್ನು ತೆಗೆದುಕೊಳ್ಳಿ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರಿಗೆ ಅಲ್ಲಿನ ರಾಕ್ಷಸ ವಿಚಿತ್ರವಾಗಿ ಕಾಣುತ್ತಾನೆ: ಹುಲಿಯ ತಲೆ, ಹಿಂದುಮುಂದಾದ ಅಂಗೈ. 2014ರ ನಿಯಮದಲ್ಲಿ ಆರನೆಯ ಮಟ್ಟದವರೆಗಿನ ಯಾವ ಮಂತ್ರವೂ ಅವನು ಬಯಸದೆ ಅವನಿಗೆ ತಟ್ಟುವುದಿಲ್ಲ. ಹಾಗೆಂದು ವಿಜರ್ಡ್ ಕೈಕಟ್ಟಿ ಕೂರಬೇಕಿಲ್ಲ. ಫೈಟರ್ ಮೇಲೆ ವೇಗ ಹೆಚ್ಚಿಸುವ ಹೇಸ್ಟ್ ಹಾಕಬಹುದು, ಕಲ್ಲಿನ ಗೋಡೆ ಎಬ್ಬಿಸಿ ದಾರಿ ಮುಚ್ಚಬಹುದು, ಅವನ ಬಂಟರನ್ನು ಸುಡಬಹುದು. ಇಂಥವನನ್ನು ಇಡುವ ಮೊದಲು ನಿಮ್ಮ ತಂಡದ ಪ್ರತಿ ಮಂತ್ರಗಾರರಿಗೂ ಮಾಡಲು ಕನಿಷ್ಠ ಎರಡು ಕೆಲಸಗಳಿವೆಯೇ ಎಂದು ಎಣಿಸಿ. ಇಲ್ಲದಿದ್ದರೆ ಅವನನ್ನು ಇನ್ನೊಂದು ದಿನಕ್ಕೆ ಎತ್ತಿಡಿ. ಮತ್ತೆ, ಅವನ ಸುದ್ದಿ ಊರಿನಲ್ಲಿ ಮೊದಲೇ ಕಿವಿಗೆ ಬಿದ್ದಿರಲಿ.

## ಇಡೀ ದಿನದ ಲೆಕ್ಕ

ದಿನಕ್ಕೆ ಆರರಿಂದ ಎಂಟು ಕಾಳಗ ಎಂದು ನಿಯಮ ಹೇಳುತ್ತದೆ. ಮೂರು ಗಂಟೆಯ ಆಟದಲ್ಲಿ ಅದು ಆಗುವ ಮಾತೇ?

ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. 2014ರ ಆ ಸೂಚನೆ ಮಧ್ಯಮ ಅಥವಾ ಕಠಿಣ ಕಾಳಗಗಳಿಗೆ, ನಡುವೆ ಒಂದೊಂದು ಗಂಟೆಯ ಎರಡು ಕಿರು ವಿಶ್ರಾಂತಿಗಳೊಂದಿಗೆ. 2024ರ ಪುಸ್ತಕದಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಹಳೆಯ ಲೆಕ್ಕವನ್ನೇ ಹಿಡಿದರೂ ಐದನೆಯ ಲೆವೆಲ್ಲಿನ ಒಬ್ಬರಿಗೆ ದಿನದ ಒಟ್ಟು 3,500 ಅನುಭವಾಂಕ (ಶತ್ರುಗಳ ಬಲಕ್ಕೆ ತಕ್ಕಂತೆ ಸಿಗುವ ಅಂಕ). ಮಧ್ಯಮ ಕಾಳಗ 500, ಮಾರಕ ಕಾಳಗ 1,100. ಅಂದರೆ ಏಳು ಮಧ್ಯಮ ಕಾಳಗಗಳ ಬದಲು ಮೂರು ಮಾರಕ ಕಾಳಗಗಳು ಹೆಚ್ಚುಕಡಿಮೆ ಅದೇ ದಿನವನ್ನು ತುಂಬುತ್ತವೆ. ನಡುನಡುವೆ ಒಂದೊಂದು ಕಿರು ವಿಶ್ರಾಂತಿ ಕೊಡಿ. ಒಂದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯಲು ಬಿಡುವ ಫೈಟರ್‌ನ ಆಕ್ಷನ್ ಸರ್ಜ್, ವಾರ್ಲಾಕ್ ಎಂಬ ಇನ್ನೊಬ್ಬ ಮಂತ್ರಗಾರನ ಸ್ಲಾಟ್‌ಗಳು ಅದರಲ್ಲಿ ಮರಳುತ್ತವೆ. ಕಿರು ವಿಶ್ರಾಂತಿ ಸಿಗದ ಮೇಜಿನಲ್ಲಿ ಈ ಇಬ್ಬರೂ ಬಡವಾಗುತ್ತಾರೆ, ದೂರು ಮಾತ್ರ ವಿಜರ್ಡ್ ಮೇಲೆ ಬರುತ್ತದೆ.

ಇನ್ನೊಂದು ಸರಳ ಮಾತು: ಆಟದ ಒಂದು ದಿನ ನಿಮ್ಮ ಒಂದು ಭಾನುವಾರದಲ್ಲೇ ಮುಗಿಯಬೇಕೆಂದಿಲ್ಲ. ಕೋಟೆಯ ನಡುವೆ ನಿಲ್ಲಿಸಿ, ಉಳಿದ ಸ್ಲಾಟ್‌ಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನ ವಾರ ಅಲ್ಲಿಂದಲೇ ಎತ್ತಿಕೊಳ್ಳಿ.

ಒಂದು ಕಾಳಗ ಮುಗಿದ ಕೂಡಲೇ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾರೆ. ತಡೆಯುವುದು ಹೇಗೆ?

ಕರ್ಣನ ಕಥೆ ನೆನಪಿಸಿಕೊಳ್ಳಿ. ಇಂದ್ರ ಕೊಟ್ಟ ಶಕ್ತ್ಯಾಯುಧವನ್ನು ಒಂದೇ ಸಲ ಬಳಸಬಹುದು. ಅವನು ಅದನ್ನು ಅರ್ಜುನನಿಗಾಗಿ ಎತ್ತಿಟ್ಟಿದ್ದ. ಕೃಷ್ಣ ಆ ಆಯುಧವನ್ನು ಮೊಂಡು ಮಾಡಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಇರುಳಿನಲ್ಲಿ ಘಟೋತ್ಕಚನನ್ನು ಮುಂದೆ ಬಿಟ್ಟ. ಸೇನೆ ಕಣ್ಣೆದುರೇ ಕರಗುತ್ತಿದ್ದಾಗ ಕರ್ಣ ಕಾಯಲಾಗದೆ ಅದನ್ನು ಅವನ ಮೇಲೆ ಎಸೆದ. ಕಾಳಗ ಕಟ್ಟುವ ಪಾಠ ನನಗೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಕ್ಕಿಲ್ಲ. ಕರ್ಣನಿಗೆ ‘ನಾಳೆ ಬೆಳಿಗ್ಗೆ ನೋಡೋಣ’ ಎನ್ನುವ ಅವಕಾಶವೇ ಇರಲಿಲ್ಲ.

ನಿಮ್ಮ ಕಥೆಯಲ್ಲೂ ಕಾಲ ಓಡುತ್ತಿರಲಿ. ಅಪಹರಿಸಿದ ಮಗುವನ್ನು ಅಮಾವಾಸ್ಯೆಯ ರಾತ್ರಿ ಬಲಿ ಕೊಡುತ್ತಾರೆ ಎಂದು ಗೊತ್ತಿರುವಾಗ ತಂಡ ಎಂಟು ಗಂಟೆ ಮಲಗುವುದೇ? ದೀರ್ಘ ವಿಶ್ರಾಂತಿ ಇಪ್ಪತ್ನಾಲ್ಕು ಗಂಟೆಗೆ ಒಂದೇ ಎಂಬುದನ್ನೂ ನೆನಪಿಸಿ. ಕೆಲವರು ಟೈನಿ ಹಟ್ ಮಂತ್ರದ ಗುಮ್ಮಟದೊಳಗೆ ಸೇರಿಕೊಳ್ಳುತ್ತಾರೆ. ಗುಮ್ಮಟವನ್ನು ಒಡೆಯಲು ಹೋಗಬೇಡಿ. ಒಳಗಿದ್ದಾರೆ ಎಂದು ಗೊತ್ತಾದ ಶತ್ರುಗಳಿಗೂ ಎಂಟು ಗಂಟೆ ಸಿಕ್ಕಿದೆ: ಹೊರಗೆ ಬೇಲಿ ಕಟ್ಟುತ್ತಾರೆ, ಬಿಲ್ಲುಗಾರರನ್ನು ಕರೆಸುತ್ತಾರೆ, ಅಥವಾ ನಿಧಿಯನ್ನೇ ಹೊತ್ತು ಊರು ಬಿಡುತ್ತಾರೆ. ಮಲಗಿದ್ದಕ್ಕೆ ದಂಡ ಹಾಕಿದಂತೆ ಆಗಬಾರದು. ಮಲಗುವ ಮೊದಲೇ ಬೆಲೆ ಏನೆಂದು ಅವರಿಗೆ ಗೊತ್ತಿರಬೇಕು.

ದೀರ್ಘ ವಿಶ್ರಾಂತಿಯನ್ನು ಏಳು ದಿನ ಮಾಡಿದರೆ ಹೇಗೆ?

2014ರ ಐಚ್ಛಿಕ ನಿಯಮಗಳಲ್ಲಿ ಇದು ಇದೆ: ಕಿರು ವಿಶ್ರಾಂತಿ ಎಂಟು ಗಂಟೆ, ದೀರ್ಘ ವಿಶ್ರಾಂತಿ ಏಳು ದಿನ. ವಾರಕ್ಕೊಂದೆರಡು ಕಾಳಗ ನಡೆಯುವ ಕಾಡುದಾರಿಯ, ರಾಜಕಾರಣದ ಕಥೆಗೆ ಚೆನ್ನಾಗಿ ಒಗ್ಗುತ್ತದೆ. ಗುಹೆಯಿಂದ ಗುಹೆಗೆ ನುಗ್ಗುವ ಕಥೆಗೆ ಒಗ್ಗದು. ಮೈಗೆ ರಕ್ಷೆ ಕೊಟ್ಟು ಎಂಟು ಗಂಟೆ ಇರುವ ಮೇಜ್ ಆರ್ಮರ್‌ನಂಥ ಮಂತ್ರಗಳ ಬೆಲೆ ಕುಸಿಯುತ್ತದೆ, ಅವುಗಳ ಅವಧಿಯನ್ನೂ ಹಿಗ್ಗಿಸಬೇಕಾಗುತ್ತದೆ. ಕಥೆ ಶುರುವಾಗುವ ಮೊದಲೇ ಹೇಳಿ, ನಡುವೆ ಬದಲಿಸಬೇಡಿ.

## ಎತ್ತರದ ಲೆವೆಲ್ಲುಗಳು, ಬೇರೆ ಆಟಗಳು

ಹದಿಮೂರನೆಯ ಲೆವೆಲ್ ದಾಟಿದ ಮೇಲೆ ಏನು ಇಟ್ಟರೂ ನಿಲ್ಲುತ್ತಿಲ್ಲ. ಇನ್ನೂ ದೊಡ್ಡ ಶತ್ರುಗಳನ್ನು ತರಬೇಕೇ?

ಹಿಟ್ ಪಾಯಿಂಟ್ ಏರಿಸುತ್ತ ಹೋಗುವುದು ವ್ಯರ್ಥ ಓಟ. ಏಳನೆಯ ಮಟ್ಟದಲ್ಲಿ ಕ್ಷಣದಲ್ಲಿ ದೂರಕ್ಕೆ ಒಯ್ಯುವ ಟೆಲಿಪೋರ್ಟ್ ಬರುತ್ತದೆ, ಶತ್ರುವನ್ನು ಪಂಜರದಲ್ಲಿ ಹಾಕುವ ಫೋರ್ಸ್‌ಕೇಜ್ ಬರುತ್ತದೆ. 2014ರಲ್ಲಿ ಆ ಪಂಜರಕ್ಕೆ ಕಾನ್ಸಂಟ್ರೇಶನ್ ಕೂಡ ಬೇಕಿರಲಿಲ್ಲ, 2024ರಲ್ಲಿ ಬೇಕು. ಹದಿನೇಳನೆಯ ಲೆವೆಲ್ಲಿನಲ್ಲಿ ಬಯಸಿದ್ದನ್ನು ನಡೆಸಿಕೊಡುವ ವಿಶ್. ಒಂದೇ ಕೋಣೆಯಲ್ಲಿ ಒಂದೇ ಶತ್ರುವನ್ನು ಕೊಲ್ಲುವುದು ಇಂಥವರಿಗೆ ಪ್ರಶ್ನೆಯೇ ಅಲ್ಲ.

ಪ್ರಶ್ನೆಯನ್ನೇ ಬದಲಿಸಿ. ಮೂರು ಊರುಗಳಿಗೆ ಒಂದೇ ರಾತ್ರಿ ಬೆಂಕಿ ಬೀಳುತ್ತದೆ, ಟೆಲಿಪೋರ್ಟ್ ಒಂದೇ ಸಲ ಇದೆ. ಶತ್ರುವಿನ ಮೈಯೊಳಗೆ ರಾಜಕುಮಾರನ ಪ್ರಾಣ ಸೇರಿಕೊಂಡಿದೆ, ಕೊಲ್ಲುವಂತಿಲ್ಲ. ಯುದ್ಧದ ನಡುವೆ ಯಾರಾದರೂ ಆರು ಸುತ್ತು ಬಾಗಿಲನ್ನು ಹಿಡಿದು ನಿಲ್ಲಬೇಕು. ಈ ಕೊನೆಯದಕ್ಕೆ ಫೈಟರ್‌ಗಿಂತ ತಕ್ಕವರಿಲ್ಲ. ಅವನಿಗೆ ಒಳ್ಳೆಯ ಮಾಂತ್ರಿಕ ಆಯುಧವನ್ನು ಕೊಡಲು ಸಂಕೋಚಪಡಬೇಡಿ. ವಿಜರ್ಡ್‌ಗೆ ಪ್ರತಿ ಎರಡು ಲೆವೆಲ್ಲಿಗೆ ಒಂದು ಹೊಸ ಮಟ್ಟ ತಾನಾಗಿ ಬರುತ್ತದೆ, ಫೈಟರ್‌ಗೆ ನೀವು ಕೊಟ್ಟರೆ ಉಂಟು.

ಹಳೆಯ ಆವೃತ್ತಿಗಳೂ ಬೇರೆ ಆಟಗಳೂ ಇದನ್ನು ಹೇಗೆ ಬಗೆಹರಿಸಿವೆ?

1974ರಲ್ಲಿ ಆಟ ಹುಟ್ಟಿದಾಗಿನಿಂದ ಈ ಎಳೆದಾಟ ಇದೆ. 1978ರ ಅಡ್ವಾನ್ಸ್ಡ್ ನಿಯಮದಲ್ಲಿ ಎರಡನೆಯ ಲೆವೆಲ್ಲಿಗೆ ಏರಲು ಕಳ್ಳನಿಗೆ 1,251 ಅನುಭವಾಂಕ ಸಾಕಿತ್ತು, ಫೈಟರ್‌ಗೆ 2,001, ಮಂತ್ರವಾದಿಗೆ 2,501. ಮಂತ್ರ ಹೇಳುವಾಗ ಏಟು ಬಿದ್ದರೆ ಮಂತ್ರ ಹೋಯಿತು. 2000ದ ಮೂರನೆಯ ಆವೃತ್ತಿ ಎಲ್ಲರಿಗೂ ಒಂದೇ ಕೋಷ್ಟಕ ಮಾಡಿತು, ಏಟು ತಪ್ಪಿಸಿಕೊಂಡು ಮಂತ್ರ ಹೇಳುವುದನ್ನು ಸುಲಭ ಮಾಡಿತು. ಫೈಟರ್ ನೇರ ಗೆರೆಯಲ್ಲಿ ಬೆಳೆದರೆ ವಿಜರ್ಡ್ ವರ್ಗಸಂಖ್ಯೆಗಳಂತೆ (1, 4, 9, 16) ಬೆಳೆಯುತ್ತಾನೆ ಎಂಬ ಮಾತು ಆಟಗಾರರ ನಡುವೆ ನಿಂತುಹೋಯಿತು. 2008ರ ನಾಲ್ಕನೆಯ ಆವೃತ್ತಿ ಎಲ್ಲರಿಗೂ ಸದಾ ಬಳಸುವ, ಕಾಳಗಕ್ಕೊಮ್ಮೆ ಬಳಸುವ, ದಿನಕ್ಕೊಮ್ಮೆ ಬಳಸುವ ಶಕ್ತಿಗಳನ್ನು ಹಂಚಿತು. ತಕ್ಕಡಿ ಸಮನಾಯಿತು, ಆದರೆ ಎಲ್ಲ ಅಡುಗೆಗೂ ಒಂದೇ ಒಗ್ಗರಣೆ ಎಂದು ಹಲವರಿಗೆ ಅನಿಸಿತು.

ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೆಯ ಆವೃತ್ತಿಯ ಉಪಾಯ ನನಗೆ ಬಹಳ ಇಷ್ಟ. ಸೇವ್‌ಗೆ ನಾಲ್ಕು ಫಲಗಳಿವೆ: ದೊಡ್ಡ ಗೆಲುವು, ಗೆಲುವು, ಸೋಲು, ದೊಡ್ಡ ಸೋಲು. ಎದುರಾಳಿ ಗೆದ್ದರೂ ಎಷ್ಟೋ ಮಂತ್ರಗಳು ಒಂದಿಷ್ಟು ಪರಿಣಾಮ ಬೀರುತ್ತವೆ, ಸರದಿ ವ್ಯರ್ಥವಾಗುವುದಿಲ್ಲ. ಆದರೆ ಶತ್ರುವನ್ನು ಒಂದೇಟಿಗೆ ಕೈಲಾಗದವನನ್ನಾಗಿ ಮಾಡುವ ಮಂತ್ರಗಳಿಗೆ ಬೇರೆ ಗುರುತು ಇದೆ: ಎದುರಾಳಿಯ ಲೆವೆಲ್ ಮಂತ್ರದ ಮಟ್ಟದ ಎರಡರಷ್ಟನ್ನು ಮೀರಿದ್ದರೆ ಅವನ ಫಲ ಒಂದು ಮೆಟ್ಟಿಲು ಮೇಲೇರುತ್ತದೆ. ಖಳನಾಯಕ ಉಳಿಯುತ್ತಾನೆ, ಮಂತ್ರ ಹಾಕಿದವರ ಕೈಯೂ ಖಾಲಿಯಾಗುವುದಿಲ್ಲ.

ಒಂದು ಮಂತ್ರ ನಮ್ಮ ಆಟವನ್ನೇ ಕೆಡಿಸುತ್ತಿದೆ. ಅದನ್ನು ನಿಷೇಧಿಸಬಹುದೇ?

ಬಹುದು, ಆದರೆ ಮೇಜಿನ ಮೇಲೆ ಕಾಳಗ ನಡೆಯುತ್ತಿರುವಾಗ ಅಲ್ಲ. ಆಟ ಮುಗಿದ ಮೇಲೆ ಆ ಆಟಗಾರರೊಂದಿಗೆ ಮಾತ್ರ ಕೂತು ಮಾತನಾಡಿ. ‘ಈ ಮಂತ್ರದಿಂದ ಉಳಿದವರ ಸರದಿಗಳು ಸಣ್ಣವಾಗುತ್ತಿವೆ ಎಂದು ನನಗೆ ಅನಿಸುತ್ತಿದೆ, ನಿಮಗೆ ಹೇಗೆ ಕಾಣುತ್ತದೆ?’ ಎಂದು ಕೇಳಿ. ನಾನು ಹೀಗೆ ಕೇಳಿದಾಗಲೆಲ್ಲ ಆಟಗಾರರು ತಾವೇ ಒಂದು ಮಿತಿ ಸೂಚಿಸಿದ್ದಾರೆ, ಅದು ನಾನು ಯೋಚಿಸಿದ್ದಕ್ಕಿಂತ ಬಿಗಿಯಾಗಿಯೇ ಇರುತ್ತಿತ್ತು. ಮಂತ್ರವನ್ನು ತೆಗೆದುಹಾಕಿದರೆ ಬದಲಿಗೆ ಬೇರೊಂದನ್ನು ಅದೇ ಆಟದಲ್ಲಿ, ಯಾವ ಖರ್ಚೂ ಇಲ್ಲದೆ ಆಯ್ದುಕೊಳ್ಳಲು ಬಿಡಿ. ಅದಕ್ಕೆ ಮೊದಲು ಒಂದು ತಿಂಗಳು ಆಟದೊಳಗಿನ ದಿನಗಳನ್ನು ಉದ್ದ ಮಾಡಿ ನೋಡಿ.